ಬೂದಿಯಿಂದ ಲೋಹ ತೆಗೆದ ಹಂಫ್ರಿ ಡೇವಿ

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿ ಕಾರ್ನ್‌ವಾಲ್ ಎಂಬ ಸೀಮೆಯಿದೆ. ಸುತ್ತ ಕಡಲು, ನೆಲದೊಳಗೆ ತವರ ಮತ್ತು ತಾಮ್ರದ ಗಣಿಗಳು. ಅಲ್ಲಿಯ ಪೆನ್‌ಜಾನ್ಸ್ ಎಂಬ ಬಂದರು ಪಟ್ಟಣದಲ್ಲಿ 1778ನೆಯ ಇಸವಿ ಡಿಸೆಂಬರ್ 17ರಂದು ಹಂಫ್ರಿ ಡೇವಿ ಜನಿಸಿದನು. ತಂದೆ ರಾಬರ್ಟ್ ಡೇವಿ ಮರದ ಕೆತ್ತನೆಯ ಕೆಲಸದವನು. ಐವರು ಮಕ್ಕಳಲ್ಲಿ ಹಂಫ್ರಿಯೇ ಹಿರಿಯ. 1794ರಲ್ಲಿ ತಂದೆ ತೀರಿಕೊಂಡಾಗ ಮನೆಗೆ ಉಳಿದದ್ದು ಆಸ್ತಿಗಿಂತ ಹೆಚ್ಚಾಗಿ ಸಾಲ. ತಾಯಿ ಗ್ರೇಸ್ ಹೆಂಗಸರ ಟೊಪ್ಪಿಗೆ, ಉಡುಪುಗಳ ಅಂಗಡಿಯಿಟ್ಟು ಸಂಸಾರವನ್ನು ಸಾಗಿಸಿದಳು. ಮಾರನೆಯ ವರ್ಷ ಮಗನು ಊರಿನ ವೈದ್ಯನೊಬ್ಬನ ಬಳಿ ಔಷಧಿ ಅರೆಯುವ ಉಮೇದುವಾರನಾಗಿ ಸೇರಿದನು.

ಡೇವಿ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಫ್ರಾನ್ಸಿನ ಲವಾಸಿಯೆ ಬರೆದ ರಸಾಯನ ಶಾಸ್ತ್ರದ ಗ್ರಂಥವನ್ನು ಓದಿ, ಅದರಲ್ಲಿ ಹೇಳಿದ್ದನ್ನೆಲ್ಲ ತಾನೇ ಮಾಡಿನೋಡಲು ಹೊರಟನು. ಉಪಕರಣ ಕೊಳ್ಳಲು ಹಣವೆಲ್ಲಿ? ಅಡುಗೆಮನೆಯ ಪಾತ್ರೆ, ಗಾಜಿನ ಲೋಟ, ಹೊಗೆಸೊಪ್ಪು ಸೇದುವ ಮಣ್ಣಿನ ಕೊಳವೆ, ಇವೇ ಅವನ ಪ್ರಯೋಗಶಾಲೆಯಾದವು. ಪ್ರನಾಳ ಒಡೆದುಹೋಯಿತೆಂದು ಪ್ರಯೋಗವನ್ನು ಮುಂದಿನ ವಾರಕ್ಕೆ ತಳ್ಳುವ ನಮ್ಮ ವಿದ್ಯಾರ್ಥಿ ಮಿತ್ರರು ಇದನ್ನು ಗಮನಿಸಬಹುದು.

1798ರಲ್ಲಿ ಅವನಿಗೆ ಬ್ರಿಸ್ಟಲ್ ನಗರದಲ್ಲಿ ಕೆಲಸ ಸಿಕ್ಕಿತು. ಡಾಕ್ಟರ್ ಬೆಡೋಸ್ ಎಂಬಾತನು ಬಗೆಬಗೆಯ ಅನಿಲಗಳನ್ನು ಉಸಿರಾಡಿಸಿ ರೋಗ ಗುಣಪಡಿಸಬಹುದೇ ಎಂದು ಪರೀಕ್ಷಿಸಲು ಅಲ್ಲಿ ಒಂದು ಸಂಸ್ಥೆಯನ್ನು ತೆರೆದಿದ್ದನು. ಡೇವಿ ಅನಿಲಗಳನ್ನು ತಯಾರಿಸಿ ಮೊದಲು ತಾನೇ ಉಸಿರಾಡಿ ನೋಡುವನು. ನಗಿಸುವ ಅನಿಲವೆಂದು ಹೆಸರಾದ ನೈಟ್ರಸ್ ಆಕ್ಸೈಡಿನಿಂದ ನೋವು ತಗ್ಗುವುದನ್ನು ಕಂಡು, ಶಸ್ತ್ರಚಿಕಿತ್ಸೆಯಲ್ಲಿ ಇದು ಉಪಯೋಗಕ್ಕೆ ಬಂದೀತೆಂದು 1800ರಲ್ಲಿ ಬರೆದನು. ವೈದ್ಯರು ಆ ಮಾತಿಗೆ ಕಿವಿಗೊಡಲು ನಲವತ್ತಕ್ಕೂ ಹೆಚ್ಚು ವರ್ಷಗಳು ಬೇಕಾದವು. ಇನ್ನೊಂದು ಸಲ ಇಂಗಾಲದ ವಿಷಾನಿಲ ಬೆರೆತ ಗಾಳಿಯನ್ನು ಸೇವಿಸಿ ಸಾವಿನ ಬಾಗಿಲವರೆಗೆ ಹೋಗಿಬಂದನು. ಇದನ್ನು ಯಾರೂ ಅನುಸರಿಸಬಾರದು.

1801ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ವಿಜ್ಞಾನಸಂಸ್ಥೆ ಅವನನ್ನು ಕರೆಸಿಕೊಂಡಿತು. ಹಳ್ಳಿಗಾಡಿನಿಂದ ಬಂದ, ಸಣ್ಣ ಆಕೃತಿಯ ಇಪ್ಪತ್ತೆರಡರ ಯುವಕ. ಆದರೆ ಮಾತಿಗೆ ನಿಂತನೆಂದರೆ ಸಭೆ ಮೈಮರೆಯುವುದು. ಅವನ ಉಪನ್ಯಾಸದ ದಿನಗಳಲ್ಲಿ ಗಾಡಿಗಳ ನೂಕುನುಗ್ಗಲು ಬೀದಿ ತುಂಬುತ್ತಿತ್ತು.

ಅವನ ಮುಖ್ಯ ಸಾಧನೆ ತಿಳಿಯಬೇಕಾದರೆ ಲೋಹಗಳ ಸ್ವಭಾವವನ್ನು ಸ್ವಲ್ಪ ಅರಿತಿರಬೇಕು. ಚಿನ್ನವು ಮಣ್ಣಿನಲ್ಲಿ ಚಿನ್ನವಾಗಿಯೇ ಸಿಗುತ್ತದೆ. ಯಾರೊಡನೆಯೂ ಸುಲಭವಾಗಿ ಕೂಡುವ ಗುಣ ಅದಕ್ಕಿಲ್ಲ. ತಾಮ್ರ, ಸೀಸ, ಕಬ್ಬಿಣಗಳು ಹಾಗಲ್ಲ. ಅವು ಆಮ್ಲಜನಕದೊಡನೆಯೋ ಗಂಧಕದೊಡನೆಯೋ ಕೂಡಿಕೊಂಡು ಅದಿರಾಗಿರುತ್ತವೆ. ಗಂಧಕದ ಅದಿರನ್ನು ಮೊದಲು ಹುರಿದು ಆಕ್ಸೈಡ್ ಮಾಡಿಕೊಂಡು, ಇದ್ದಲಿನೊಡನೆ ಕುಲುಮೆಯಲ್ಲಿ ಕಾಯಿಸಿದರೆ, ಇದ್ದಲು ಆಮ್ಲಜನಕವನ್ನು ಕಸಿದುಕೊಂಡು ಲೋಹವನ್ನು ಬಿಡಿಸುತ್ತದೆ. ನಮ್ಮ ಕಮ್ಮಾರರ ಪೂರ್ವಜರು ಸಾವಿರಾರು ವರ್ಷಗಳಿಂದ ಬಲ್ಲ ವಿದ್ಯೆ ಇದು. ಆದರೆ ಮನೆಮನೆಯಲ್ಲೂ ಇದ್ದ ಕೆಲವು ವಸ್ತುಗಳು ಈ ಕುಲುಮೆಗೆ ಬಗ್ಗಿರಲಿಲ್ಲ. ಪಾತ್ರೆ ತಿಕ್ಕುವ ಒಲೆಯ ಬೂದಿಯಲ್ಲಿರುವ ಕ್ಷಾರ, ಅಗಸರು ಬಟ್ಟೆಗೆ ಹಾಕುತ್ತಿದ್ದ ಚೌಳುಮಣ್ಣಿನ ಕ್ಷಾರ, ಗೋಡೆಗೆ ಬಳಿಯುವ ಸುಣ್ಣ ಇವೇ ಆ ವಸ್ತುಗಳು. ಸುಣ್ಣದಂಥವು ಯಾವುವೋ ಕಾಣದ ಲೋಹಗಳ ಭಸ್ಮಗಳಿರಬಹುದೆಂದು ಲವಾಸಿಯೆ ಊಹಿಸಿದ್ದನು. ಊಹೆಯನ್ನು ರುಜುಪಡಿಸಿದವರು ಯಾರೂ ಇರಲಿಲ್ಲ.

ಅದಕ್ಕೆ ಬೇಕಾದ ಆಯುಧ ಇಟಲಿಯಿಂದ ಬಂದಿತು. 1800ರಲ್ಲಿ ಅಲ್ಲಿಯ ವೋಲ್ಟಾ ಎಂಬ ವಿಜ್ಞಾನಿ ಬೆಳ್ಳಿ ಮತ್ತು ಸತುವಿನ ಬಿಲ್ಲೆಗಳನ್ನು ಒಂದರ ಮೇಲೊಂದರಂತೆ ಜೋಡಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಯ ಚೂರುಗಳನ್ನಿಟ್ಟು, ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಪಡೆದ ಸುದ್ದಿಯನ್ನು ಲಂಡನ್ನಿಗೆ ಬರೆದು ತಿಳಿಸಿದನು. ಇದರ ಒಳಗುಟ್ಟು ಇಂದು ನಮಗೆ ಗೊತ್ತಿದೆ. ಸತುವು ತಾಮ್ರ, ಬೆಳ್ಳಿಗಳಿಗಿಂತ ಹೆಚ್ಚು ಚುರುಕಿನ ಲೋಹ. ತನ್ನ ಎಲೆಕ್ಟ್ರಾನುಗಳನ್ನು ಬೇಗ ಬಿಟ್ಟುಕೊಟ್ಟು ಕರಗುತ್ತದೆ. ಬಿಟ್ಟುಕೊಟ್ಟ ಎಲೆಕ್ಟ್ರಾನುಗಳು ತಂತಿಯ ಮೂಲಕ ಇನ್ನೊಂದು ಲೋಹದ ಕಡೆಗೆ ಹರಿಯುತ್ತವೆ. ಒಂದು ನಿಂಬೆಹಣ್ಣಿಗೆ ಸತುವಿನ ತಗಡನ್ನೂ ತಾಮ್ರದ ತಂತಿಯನ್ನೂ ಚುಚ್ಚಿ, ಸೂಕ್ಷ್ಮವಾದ ಮೀಟರಿಗೆ ಜೋಡಿಸಿದರೆ ಅದರ ಮುಳ್ಳು ಅಲುಗುವುದನ್ನು ನೀವೇ ನೋಡಬಹುದು. ಸತು ಮತ್ತು ತಾಮ್ರ ಎಂಬ ಈ ಜೋಡಿಯನ್ನು ಓದುಗರು ನೆನಪಿನಲ್ಲಿಡಬೇಕು. ಡೇವಿಯ ಬಾಳಿನಲ್ಲಿ ಅದು ಮತ್ತೊಮ್ಮೆ ಬೇರೆ ರೀತಿಯಲ್ಲಿ ಎದುರಾಗುತ್ತದೆ.

ವೋಲ್ಟಾನ ಸುದ್ದಿ ಮುಟ್ಟಿದ ಕೆಲವೇ ವಾರಗಳಲ್ಲಿ ಇಂಗ್ಲೆಂಡಿನ ಇಬ್ಬರು ಅದೇ ವಿದ್ಯುತ್ತಿನಿಂದ ನೀರನ್ನು ಜಲಜನಕ, ಆಮ್ಲಜನಕಗಳಾಗಿ ಒಡೆದರು. ಡೇವಿಯ ಯೋಚನೆ ಇನ್ನೂ ಮುಂದೆ ಹೋಯಿತು. ವಸ್ತುಗಳನ್ನು ಒಂದಕ್ಕೊಂದು ಹಿಡಿದಿಡುವ ರಾಸಾಯನಿಕ ಬಲವೇ ವಿದ್ಯುತ್ತಿನ ಬಲವಾಗಿದ್ದರೆ, ಅದಕ್ಕಿಂತ ಬಲವಾದ ವಿದ್ಯುತ್ತಿನಿಂದ ಆ ಹಿಡಿತವನ್ನು ಬಿಡಿಸಬಹುದಲ್ಲವೇ? 1806ರ ತನ್ನ ಉಪನ್ಯಾಸದಲ್ಲಿ ಅವನು ಈ ವಿಚಾರವನ್ನು ವಿಸ್ತರಿಸಿದನು. ಆಗ ಇಂಗ್ಲೆಂಡಿಗೂ ಫ್ರಾನ್ಸಿಗೂ ಘೋರ ಯುದ್ಧ ನಡೆದಿತ್ತು. ಆದರೂ ನೆಪೋಲಿಯನ್ ಏರ್ಪಡಿಸಿದ್ದ ಬಹುಮಾನವನ್ನು ಫ್ರಾನ್ಸಿನ ವಿದ್ವಾಂಸರು ಈ ಶತ್ರುದೇಶದವನಿಗೇ ಕೊಟ್ಟರು.

1807ರ ಅಕ್ಟೋಬರಿನಲ್ಲಿ ಡೇವಿ ಪೊಟ್ಯಾಷಿಗೆ ಕೈಹಾಕಿದನು. ಬೂದಿಯ ನೀರನ್ನು ಸುಣ್ಣದೊಡನೆ ಕುದಿಸಿದರೆ ದೊರೆಯುವ ಕಟುಕ್ಷಾರವಿದು. ಮೊದಲು ಅದನ್ನು ನೀರಿನಲ್ಲಿ ಕರಗಿಸಿ ವಿದ್ಯುತ್ತನ್ನು ಹರಿಸಿದನು. ನೀರು ಒಡೆದು ಅನಿಲಗಳು ಬಂದವೇ ಹೊರತು ಲೋಹ ಬರಲಿಲ್ಲ. ಸರಿ, ನೀರೇ ಬೇಡವೆಂದು ಒಣ ಪೊಟ್ಯಾಷನ್ನು ಪ್ಲಾಟಿನಂ ಚಮಚದಲ್ಲಿ ಬೆಂಕಿಯ ಮೇಲೆ ಕರಗಿಸಿ ಪ್ರಯತ್ನಿಸಿದನು. ಈ ಸಲ ಋಣಾಗ್ರದ ಬಳಿ ಪ್ರಖರವಾದ ಜ್ವಾಲೆ ಕಾಣಿಸಿತು. ಏನೋ ಹುಟ್ಟುತ್ತಿದೆ, ಆದರೆ ಹುಟ್ಟಿದ ಗಳಿಗೆಯಲ್ಲೇ ಉರಿದುಹೋಗುತ್ತಿದೆ! ತೀರ ಒಣಗಿದ ಗಟ್ಟಿ ಪೊಟ್ಯಾಷಿನಲ್ಲೋ ವಿದ್ಯುತ್ತು ಹರಿಯುವುದೇ ಇಲ್ಲ.

ಕೊನೆಗೆ ಅವನು ಕಂಡುಕೊಂಡ ಉಪಾಯ ಬಹಳ ಸರಳವಾದದ್ದು. ಪೊಟ್ಯಾಷಿನ ಒಂದು ಚಿಕ್ಕ ತುಂಡನ್ನು ಕ್ಷಣಕಾಲ ಗಾಳಿಗೆ ಹಿಡಿದನು. ಅದು ಗಾಳಿಯ ತೇವವನ್ನು ಹೀರಿ ಮೇಲ್ಮೈ ತುಸು ಪಸೆಯಾಯಿತು. ವಿದ್ಯುತ್ತು ಹರಿಯಲು ಅಷ್ಟೇ ಸಾಕು. ಋಣಾಗ್ರಕ್ಕೆ ಜೋಡಿಸಿದ ಪ್ಲಾಟಿನಂ ತಟ್ಟೆಯ ಮೇಲೆ ಆ ತುಂಡನ್ನಿಟ್ಟು, ಧನಾಗ್ರದ ತಂತಿಯನ್ನು ಮೇಲಿನಿಂದ ತಾಗಿಸಿದನು. ವಿದ್ಯುತ್ತನ್ನು ಕೊಟ್ಟದ್ದು ತಾಮ್ರ ಮತ್ತು ಸತುವಿನ 250 ಫಲಕಜೋಡಿಗಳ ಬ್ಯಾಟರಿ. ತುಂಡು ಎರಡೂ ಕಡೆ ಕರಗತೊಡಗಿತು. ಮೇಲೆ ಗುಳ್ಳೆಗಳು ಎದ್ದವು. ಕೆಳಗೆ ಪಾದರಸದಂತೆ ಹೊಳೆಯುವ ಸಣ್ಣ ಸಣ್ಣ ಹನಿಗಳು ಮೂಡಿದವು. ಕೆಲವು ಸಿಡಿದು ಹೊತ್ತಿಕೊಂಡವು, ಕೆಲವು ನೋಡುತ್ತಿದ್ದಂತೆಯೇ ಮಂಕಾಗಿ ಬಿಳಿಯ ಪೊರೆ ಹೊದ್ದವು. ಬೂದಿಯೊಳಗಿನ ಲೋಹ ಮನುಷ್ಯನ ಕಣ್ಣಿಗೆ ಬಿದ್ದದ್ದು ಅಂದೇ. ಡೇವಿ ಆನಂದ ತಡೆಯಲಾರದೆ ಪ್ರಯೋಗಶಾಲೆಯ ತುಂಬ ಕುಣಿದಾಡಿದನೆಂದು ಸಹಾಯಕನಾಗಿದ್ದ ಅವನ ದಾಯಾದಿ ತಮ್ಮ ಎಡ್ಮಂಡ್ ತಿಳಿಸಿದ್ದಾನೆ.

ಅದಕ್ಕೆ ಪೊಟ್ಯಾಸಿಯಂ ಎಂದು ಹೆಸರಾಯಿತು. ಎಂಥ ವಿಚಿತ್ರ ಲೋಹ! ಚಾಕುವಿನಿಂದ ಕತ್ತರಿಸುವಷ್ಟು ಮೆತು, ನೀರಿನ ಮೇಲೆ ತೇಲುವಷ್ಟು ಹಗುರ. ನೀರಿಗೆ ಹಾಕಿದರೆ ನೇರಿಳೆ ಬಣ್ಣದ ಜ್ವಾಲೆಯೊಡನೆ ಉರಿಯುತ್ತ ಓಡಾಡುತ್ತದೆ. ಇಷ್ಟು ಹಗುರವಾದದ್ದು ಲೋಹವೇ ಎಂದು ಆಗಿನವರು ಸಂದೇಹಪಟ್ಟರೆ ಆಶ್ಚರ್ಯವಿಲ್ಲ. ಕೆಲವೇ ದಿನಗಳಲ್ಲಿ ಇನ್ನೊಂದು ಕಟುಕ್ಷಾರದಿಂದ ಸೋಡಿಯಂ ಬಂದಿತು. ಶಾಲೆಯ ಪ್ರಯೋಗಶಾಲೆಗಳಲ್ಲಿ ಸೀಮೆಎಣ್ಣೆಯೊಳಗೆ ಮುಳುಗಿಸಿಟ್ಟಿರುವುದು ಇದೇ ಲೋಹ. ಗಾಳಿ, ನೀರುಗಳೆರಡರಿಂದಲೂ ದೂರವಿಡದಿದ್ದರೆ ಅದು ಲೋಹವಾಗಿ ಉಳಿಯದು.

ನವೆಂಬರ್ 19ರಂದು ಇದನ್ನೆಲ್ಲ ವಿದ್ವಾಂಸರ ಸಭೆಯಲ್ಲಿ ನಿವೇದಿಸಿದ ಡೇವಿ ಕೆಲವೇ ದಿನಗಳಲ್ಲಿ ಕಠಿಣ ಜ್ವರದಿಂದ ಹಾಸಿಗೆ ಹಿಡಿದನು. ಬದುಕುವನೋ ಇಲ್ಲವೋ ಎಂಬ ಸ್ಥಿತಿ ವಾರಗಟ್ಟಲೆ ಇತ್ತು. ಚೇತರಿಸಿಕೊಂಡು 1808ರಲ್ಲಿ ಸುಣ್ಣದ ಸರದಿ ಹಿಡಿದನು. ಸುಣ್ಣ ಪೊಟ್ಯಾಷಿನಂತೆ ಕರಗುವುದಿಲ್ಲ. ಸ್ವೀಡನ್ ದೇಶದ ಬರ್ಜೀಲಿಯಸ್ ಪಾದರಸವನ್ನು ಋಣಾಗ್ರವಾಗಿ ಬಳಸುವ ದಾರಿಯನ್ನು ಪತ್ರದಲ್ಲಿ ತಿಳಿಸಿದನು. ಹುಟ್ಟಿದ ಲೋಹ ಪಾದರಸದಲ್ಲಿ ಸೇರಿಕೊಳ್ಳುವುದು. ಬಳಿಕ ಪಾದರಸವನ್ನು ಆವಿ ಮಾಡಿದರೆ ಲೋಹ ಉಳಿಯುವುದು. ಹೀಗೆ ಆ ಒಂದೇ ವರ್ಷದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸ್ಟ್ರಾನ್ಷಿಯಂ, ಬೇರಿಯಂ ಎಂಬ ನಾಲ್ಕು ಲೋಹಗಳು ದೊರೆತವು. ಅಲ್ಯೂಮಿನಿಯಂ ಮಾತ್ರ ಅವನ ಕೈಗೆ ಸಿಗಲಿಲ್ಲ. ಅದನ್ನು 1825ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಬೇರೆ ಕ್ರಮದಿಂದ ತೆಗೆದನು. ವಿದ್ಯುತ್ತಿನಿಂದ ಅಗ್ಗವಾಗಿ ತೆಗೆಯುವ ವಿಧಾನ ಸಿದ್ಧವಾದದ್ದು 1886ರಲ್ಲಿ. ನಮ್ಮ ಪಾಠಪುಸ್ತಕದಲ್ಲಿ ಕ್ರಿಯಾಪಟುತ್ವದ ಶ್ರೇಣಿಯ ತುದಿಯಲ್ಲಿ ಬರೆದಿರುವ ಹೆಸರುಗಳ ಪೈಕಿ ಮೊದಲಿನ ಹಲವನ್ನು ಈ ಒಬ್ಬನೇ ಎರಡು ವರ್ಷದೊಳಗೆ ಬೆಳಕಿಗೆ ತಂದನು.

1812ರಲ್ಲಿ ಅವನಿಗೆ ಸರ್ ಪದವಿ ಬಂದಿತು, ಶ್ರೀಮಂತ ವಿಧವೆಯೊಬ್ಬಳೊಡನೆ ಮದುವೆಯೂ ಆಯಿತು. ಅದೇ ವರ್ಷ ಒಂದು ಸಿಡಿಮದ್ದಿನಂಥ ದ್ರವ ಸ್ಫೋಟಿಸಿ ಕಣ್ಣಿಗೆ ಗಾಯವಾಯಿತು. ಬರೆದುಕೊಳ್ಳಲು ಜೊತೆಗಾರ ಬೇಕಾದಾಗ ಬಂದವನು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸದ ಬಡ ಹುಡುಗ ಮೈಕೇಲ್ ಫ್ಯಾರಡೆ. ಡೇವಿಯ ಉಪನ್ಯಾಸಗಳನ್ನು ಕೇಳಿ, ಅಂದವಾಗಿ ಬರೆದು, ತಾನೇ ರಟ್ಟು ಹಾಕಿ ಅವನಿಗೆ ಕಳುಹಿಸಿದ್ದವನು ಇವನು. 1813ರ ಮಾರ್ಚಿಯಲ್ಲಿ ಡೇವಿ ಅವನಿಗೆ ಸಹಾಯಕನ ಕೆಲಸ ಕೊಡಿಸಿದನು. 1815ರಲ್ಲಿ ಡೇವಿ ಕಲ್ಲಿದ್ದಲು ಗಣಿಯ ಕೂಲಿಗಳಿಗಾಗಿ ತಂತಿಬಲೆಯ ದೀಪವನ್ನು ರಚಿಸಿದನು, ಅದರ ಹಕ್ಕನ್ನು ತನ್ನದಾಗಿ ಕಾದಿರಿಸಿಕೊಳ್ಳಲಿಲ್ಲ. ಮೂರು ವರ್ಷಗಳ ಹಿಂದೆ ಫೆಲಿಂಗ್ ಗಣಿಯೊಂದರಲ್ಲೇ ಬೆಂಕಿಗಾಳಿ ಸಿಡಿದು 92 ಮಂದಿ ಸತ್ತಿದ್ದರು. 1820ರಲ್ಲಿ ಅವನು ರಾಯಲ್ ಸೊಸೈಟಿಯ ಅಧ್ಯಕ್ಷನಾದನು.

ಇನ್ನು ಸತು ಮತ್ತು ತಾಮ್ರದ ಮಾತು. ಆ ಕಾಲದ ಹಡಗುಗಳು ಮರದವು. ಮರ ಕೊರೆಯುವ ಹುಳುಗಳಿಂದ ಕಾಪಾಡಲು ಬ್ರಿಟಿಷ್ ನೌಕಾಪಡೆ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿತ್ತು. ಕಡಲ ನೀರು ಆ ತಾಮ್ರವನ್ನು ತಿನ್ನುತ್ತಿತ್ತು, ಖರ್ಚು ಅಪಾರ. ಪರಿಹಾರ ಸೂಚಿಸಬೇಕೆಂದು 1823ರಲ್ಲಿ ನೌಕಾಮಂಡಳಿ ಕೇಳಿಕೊಂಡಾಗ ಡೇವಿಗೆ ಉತ್ತರ ಹೊಳೆಯಲು ತಡವಾಗಲಿಲ್ಲ. ತಾಮ್ರಕ್ಕೆ ಅದಕ್ಕಿಂತ ಚುರುಕಾದ ಸತುವನ್ನೋ ಕಬ್ಬಿಣವನ್ನೋ ತಾಗಿಸಿಟ್ಟರೆ, ಕಡಲ ನೀರಿನಲ್ಲಿ ಎರಡೂ ಸೇರಿ ಒಂದು ವಿದ್ಯುತ್ಕೋಶವಾಗುತ್ತದೆ. ಸತು ತಾನು ಸವೆಯುತ್ತದೆ, ತಾಮ್ರ ಉಳಿಯುತ್ತದೆ. ತಾಮ್ರದ ಹರವಿನ ನೂರರಲ್ಲೊಂದು ಪಾಲಿನಷ್ಟು ಸತುವಿದ್ದರೂ ಸಾಕೆಂದು ಪರೀಕ್ಷೆಗಳಲ್ಲಿ ಕಂಡಿತು. ನಮ್ಮ ಕೊಚ್ಚಿಯಲ್ಲಿ ತೇಗದ ಮರದಿಂದ ಕಟ್ಟಿ 1822ರಲ್ಲಿ ನೀರಿಗಿಳಿಸಿದ್ದ ಸಮರಾಂಗ್ ಎಂಬ ಹಡಗಿಗೂ ಇಂಥ ಕಬ್ಬಿಣದ ತುಂಡುಗಳನ್ನು ಜೋಡಿಸಿ ಅಟ್ಲಾಂಟಿಕ್ ದಾಟಿಸಿದರು. ತಾಮ್ರ ಸವೆಯುವುದು ನಿಂತಿತು. ಡೇವಿ ಹಿಗ್ಗಿದನು.

ಅಷ್ಟರಲ್ಲಿ ದೂರ ಪ್ರಯಾಣದ ಹಡಗುಗಳಿಂದ ಬೇರೆಯೇ ಸುದ್ದಿ ಬಂದಿತು. ತಾಮ್ರವೇನೋ ಹೊಸದರಂತಿದೆ, ಆದರೆ ತಳದ ತುಂಬ ಪಾಚಿ, ಕಡಲಿನ ಚಿಪ್ಪುಜೀವಿಗಳು ದಟ್ಟವಾಗಿ ಅಂಟಿಕೊಂಡು ಹಡಗು ಮುಂದಕ್ಕೆ ಸಾಗದು. ಕಾರಣವಿಷ್ಟೆ: ಸವೆಯುವ ತಾಮ್ರದಿಂದ ನೀರಿಗೆ ಸೇರುವ ಅಲ್ಪ ಅಂಶವೇ ಆ ಜೀವಿಗಳಿಗೆ ವಿಷವಾಗಿತ್ತು. ಸವೆತ ನಿಂತಾಗ ವಿಷವೂ ನಿಂತಿತು. ಅದು ಸಾಲದೆಂಬಂತೆ ಕಡಲ ನೀರಿನ ಸುಣ್ಣ ಮತ್ತು ಮೆಗ್ನೀಸಿಯಂ ಲವಣಗಳು ತಾಮ್ರದ ಮೇಲೆ ಪೊರೆಯಾಗಿ ಕೂತು ಚಿಪ್ಪುಗಳಿಗೆ ಕಾಲೂರಲು ನೆಲೆ ಕೊಟ್ಟವು. ಹದಿನೇಳು ವರ್ಷಗಳ ಹಿಂದೆ ತಾನೇ ಬಿಡಿಸಿ ತೋರಿಸಿದ ಲೋಹಗಳು ಹೀಗೆ ಬಂದು ಅವನ ಕೆಲಸವನ್ನು ಕೆಡಿಸಿದವು! 1825ರ ಜುಲೈಯಲ್ಲಿ ಕಡಲಿಗೆ ಹೋಗುವ ಹಡಗುಗಳಿಂದ ಈ ತುಂಡುಗಳನ್ನು ಕಿತ್ತುಹಾಕಲು ನೌಕಾಪಡೆ ಆಜ್ಞೆ ಮಾಡಿತು. ಪತ್ರಿಕೆಗಳು ಅಪಹಾಸ್ಯ ಮಾಡಿದವು, ಡೇವಿ ಬಹಳ ನೊಂದನು. ಅವನ ರಸಾಯನ ಶಾಸ್ತ್ರದಲ್ಲಿ ತಪ್ಪಿರಲಿಲ್ಲವೆಂದೇ ನಾವು ಹೇಳುತ್ತೇವೆ. ಇಂದು ಉಕ್ಕಿನ ಹಡಗುಗಳ ತಳಕ್ಕೆ ಸತುವಿನ ಗಟ್ಟಿಗಳನ್ನು ಬಿಗಿಯುವುದೂ, ನೆಲದೊಳಗಿನ ಕೊಳವೆಸಾಲಿಗೆ ಮೆಗ್ನೀಸಿಯಂ ಜೋಡಿಸುವುದೂ ಅದೇ ತತ್ತ್ವದ ಮೇಲೆ. ಜೀವಿಗಳು ಅಂಟದಂತೆ ಬೇರೆ ಬಣ್ಣ ಬಳಿಯುತ್ತಾರೆ. ಅಂಥ ಹಲವು ಬಣ್ಣಗಳಲ್ಲಿ ತಾಮ್ರದ ಸಂಯುಕ್ತಗಳೇ ಇರುತ್ತವೆ.

ಇದೇ ವರ್ಷಗಳ ಇನ್ನೊಂದು ಸಂಗತಿಯನ್ನು ಮುಚ್ಚಿಡುವುದು ನಮಗೆ ಸರಿಕಾಣದು. ಶಿಷ್ಯ ಫ್ಯಾರಡೆಯ ಕೀರ್ತಿ ಬೆಳೆಯುತ್ತಿದ್ದುದು ಗುರುವಿಗೆ ಸಹನೆಯಾಗಲಿಲ್ಲ. ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಫ್ಯಾರಡೆಯ ಹೆಸರು ಬಂದಾಗ ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದನು. ಆದರೂ 1824ರ ಜನವರಿಯಲ್ಲಿ ಫ್ಯಾರಡೆ ಆಯ್ಕೆಯಾದನು. ಗುರುವಿನ ವಿಷಯದಲ್ಲಿ ಅವನು ಗೌರವ ಬಿಡಲಿಲ್ಲ.

1826ರ ಕೊನೆಯಲ್ಲಿ ಡೇವಿಗೆ ಲಕ್ವ ಹೊಡೆಯಿತು. ಮರುವರ್ಷ ಅಧ್ಯಕ್ಷಸ್ಥಾನವನ್ನು ಬಿಟ್ಟು, ಆರೋಗ್ಯ ಹುಡುಕುತ್ತ ಯೂರೋಪಿನಲ್ಲಿ ಊರೂರು ಅಲೆದನು. 1829ರ ಮೇ 29ರಂದು ಸ್ವಿಟ್ಜರ್‌ಲೆಂಡಿನ ಜಿನೀವಾದಲ್ಲಿ ತೀರಿಕೊಂಡನು. ಆಗ ವಯಸ್ಸು ಐವತ್ತು, ಮಕ್ಕಳಿರಲಿಲ್ಲ. ಅವನ ಸಮಾಧಿ ಅಲ್ಲಿಯೇ ಇದೆ.

ಲಂಡನ್ನಿನ ಅದೇ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಫ್ಯಾರಡೆ ಕೆಲಸವನ್ನು ಮುಂದುವರಿಸಿದನು. ಎಷ್ಟು ವಿದ್ಯುತ್ತು ಹರಿದರೆ ಎಷ್ಟು ತೂಕದ ಲೋಹ ಬರುತ್ತದೆಂದು ಅಳೆದು, ಹತ್ತನೆಯ ತರಗತಿಯ ನಂತರ ವಿದ್ಯಾರ್ಥಿಗಳು ಓದುವ ವಿದ್ಯುದ್ವಿಭಜನೆಯ ಎರಡು ನಿಯಮಗಳನ್ನು 1834ರ ಹೊತ್ತಿಗೆ ಪ್ರಕಟಿಸಿದನು.