ಗಗನವೀರ ದೇವಯ್ಯ

ಸೈನ್ಯಕ್ಕೆ ಮಕ್ಕಳನ್ನು ಕಳುಹಿಸುವುದು ಕೊಡಗಿನ ಮನೆತನಗಳ ಹಳೆಯ ವಾಡಿಕೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರೂ ಜನರಲ್ ತಿಮ್ಮಯ್ಯನವರೂ ಭೂಸೇನೆಯಲ್ಲಿ ಗಳಿಸಿದ ಕೀರ್ತಿ ಎಲ್ಲರಿಗೂ ತಿಳಿದದ್ದೇ. ಅದೇ ನಾಡಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪರಾಕ್ರಮ ಮೆರೆದದ್ದು ಆಕಾಶದಲ್ಲಿ.

ದೇವಯ್ಯನವರು 1932ರ ಡಿಸೆಂಬರ್ 24ರಂದು ಜನಿಸಿದರು. ಭಾರತೀಯ ವಾಯುದಳವು ಸ್ಥಾಪನೆಗೊಂಡದ್ದೂ ಅದೇ ವರ್ಷ. 1954ರಲ್ಲಿ ವಾಯುದಳದ ಅಧಿಕಾರಿಯಾದ ಅವರು ನುರಿತ ವೈಮಾನಿಕರೆನಿಸಿ, ಮುಂದೆ ತರುಣರಿಗೆ ವಿಮಾನ ನಡೆಸುವುದನ್ನು ಕಲಿಸುವ ಶಿಕ್ಷಕರಾದರು. 1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ ಆರಂಭವಾದಾಗ ಅವರು ಒಂದನೆಯ ಸ್ಕ್ವಾಡ್ರನ್ನಿನಲ್ಲಿ ಸೇವೆಗೆ ನಿಂತರು. ಸ್ವತಂತ್ರ ಭಾರತದ ವೈಮಾನಿಕರು ಶತ್ರುವಿಮಾನಗಳನ್ನು ಆಕಾಶದಲ್ಲಿ ಮುಖಾಮುಖಿ ಎದುರಿಸಿದ್ದು ಆ ಯುದ್ಧದಲ್ಲೇ ಮೊದಲು.

ಸೆಪ್ಟೆಂಬರ್ 7ರ ಬೆಳಗಿನ ಜಾವ. ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನಗಳು ಶತ್ರುವಿನ ಪ್ರಮುಖ ವಾಯುನೆಲೆಯಾದ ಸರಗೋಧಾದ ಕಡೆಗೆ ಹಾರಬೇಕಾಗಿತ್ತು. ದೇವಯ್ಯನವರ ಹೆಸರಿದ್ದುದು ಕಾಯ್ದಿರಿಸಿದ ವೈಮಾನಿಕರ ಪಟ್ಟಿಯಲ್ಲಿ. ದಾಳಿಯ ತಂಡದಲ್ಲಿ ಒಂದು ವಿಮಾನ ಕಡಿಮೆಯಾಗಲು, ಆ ಸ್ಥಾನವನ್ನು ಅವರು ತುಂಬಿದರು. ದಾರಿ ದೂರ, ಇಂಧನ ಹೋಗಿ ಬರಲು ಸಾಲುವಷ್ಟೇ. ನಡುವೆ ಕಾಳಗಕ್ಕೆ ನಿಂತವನು ಮರಳಿ ಬರುವುದು ದುಸ್ತರವಾಗಿತ್ತು.

ದಾಳಿ ಮುಗಿಸಿ ವಿಮಾನಗಳು ಹಿಂದಿರುಗುತ್ತಿದ್ದಾಗ ಸ್ಟಾರ್‌ಫೈಟರ್ ಎಂಬ ಶತ್ರುವಿಮಾನವೊಂದು ಬೆನ್ನಟ್ಟಿತು. ಅದು ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಬಲ್ಲದು. ಮಿಸ್ಟೇರಿನ ವೇಗ ಶಬ್ದದ ವೇಗದ ಆಸುಪಾಸಿನದು. ಮೊದಲ ಪೆಟ್ಟು ದೇವಯ್ಯನವರ ವಿಮಾನಕ್ಕೇ ಬಿದ್ದಿತು. ಅದು ಉರುಳಿತೆಂದೇ ಬಗೆದು ಶತ್ರು ಇತರ ವಿಮಾನಗಳತ್ತ ತಿರುಗಿದನು. ಆದರೆ ದೇವಯ್ಯನವರು ಗಾಸಿಗೊಂಡ ವಿಮಾನವನ್ನು ಹತೋಟಿಗೆ ತಂದು, ಆ ಬಲಿಷ್ಠ ವಿಮಾನದ ಮೇಲೆ ಎರಗಿ, ಗುಂಡಿನ ಮಳೆಗರೆದು ಅದನ್ನು ಕೆಡವಿದರು. ಅದರ ಚಾಲಕ ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಇಳಿದು ಬದುಕಿಕೊಂಡನು. ದೇವಯ್ಯನವರು ಮಾತ್ರ ಮರಳಲಿಲ್ಲ. ಆಗ ಅವರಿಗೆ ಮೂವತ್ತೆರಡು ವರ್ಷ.

ಈ ಹೋರಾಟವನ್ನು ಅವರ ಸಂಗಡಿಗರಾರೂ ಕಾಣಲಿಲ್ಲ. ದಾಖಲೆಗಳಲ್ಲಿ ಅವರು ಕಾಣೆಯಾದವರೆಂದು ಸೇರಿದರು. ಮನೆಯವರಿಗೆ ಉಳಿದದ್ದು ಕಾಯುವಿಕೆ ಒಂದೇ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರು ಪಾಕಿಸ್ತಾನದ ವಾಯುದಳದ ನೆರವಿನಿಂದ ಆ ಯುದ್ಧದ ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಸ್ಟಾರ್‌ಫೈಟರನ್ನು ಮಿಸ್ಟೇರ್ ವಿಮಾನವೊಂದು ಉರುಳಿಸಿದ ಸಂಗತಿ ಅದರಲ್ಲಿತ್ತು. ಅಂದು ಮರಳದಿದ್ದ ಮಿಸ್ಟೇರುಗಳ ಲೆಕ್ಕ ನೋಡಿದಾಗ ಆ ವೀರ ಯಾರೆಂಬುದು ಸ್ಪಷ್ಟವಾಯಿತು. ಹೀಗೆ ಎದುರಾಳಿಯ ಪಾಳೆಯದಿಂದಲೇ ಸಾಕ್ಷ್ಯ ದೊರೆಯಿತು. 1988ರಲ್ಲಿ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ನೀಡಿತು. ಇಪ್ಪತ್ತಮೂರು ವರ್ಷಗಳ ಬಳಿಕ ಅವರ ಪತ್ನಿ ಆ ಪದಕವನ್ನು ಸ್ವೀಕರಿಸಿದರು.

ಹೊಗಳುವವರಿದ್ದಾಗ ಧೈರ್ಯ ತೋರುವುದು ಸುಲಭ. ನೋಡುವವರಿಲ್ಲದ, ಮರಳುವ ದಾರಿ ಮುಚ್ಚಿದ ಗಳಿಗೆಯಲ್ಲಿ ದೇವಯ್ಯನವರು ಕರ್ತವ್ಯವನ್ನು ಪೂರ್ಣಗೊಳಿಸಿದರು. ಅವರು ಕೆಡವಿದ ವಿಮಾನ ಹಾರುತ್ತಲೇ ಇದ್ದಿದ್ದರೆ ಅಂದು ಮನೆ ಸೇರಿದ ಎಷ್ಟು ಮಂದಿ ಸಂಗಡಿಗರು ಸೇರುತ್ತಿದ್ದರೋ ಹೇಳಲಾಗದು. ಬಿರುದು ತಡವಾಗಿ ಬಂದಿತು. ಆದರೆ ಅವರ ಸಾಹಸ ಬಿರುದಿಗಾಗಿ ಕಾದಿರಲಿಲ್ಲ.