ವಿಲಾಯಿತಿಯಲ್ಲಿ ಕೈಲಾಸಂ

ಮೊಳಕಾಲ್ಮೂರು ಚಳ್ಳಕೆರೆಗಳ ಸೀಮೆಯಲ್ಲಿ ತಿಪ್ಪೇಸ್ವಾಮಿ ಎಂಬ ಹೆಸರಿನವರಿಲ್ಲದ ಊರನ್ನು ಹುಡುಕುವುದು ಕಷ್ಟ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯವರಲ್ಲಿ ಇಲ್ಲಿಯ ಜನಕ್ಕಿರುವ ಭಕ್ತಿಯೇ ಅದಕ್ಕೆ ಕಾರಣ. ಆದುದರಿಂದ ಟಿ. ಪಿ. ಕೈಲಾಸಂ ಅವರ ತಿಪ್ಪಾರಳ್ಳಿಯ ಹಾಡನ್ನು ಕೇಳಿದ ಇಲ್ಲಿಯವನೊಬ್ಬನು, ಆ ಹಳ್ಳಿ ತನ್ನ ತಾಲ್ಲೂಕಿನ ಯಾವುದೋ ಮೂಲೆಯಲ್ಲಿರಬೇಕೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಆದರೆ ಅದರ ಮೂಲವಿರುವುದು ಐರ್ಲೆಂಡಿನ ಟಿಪ್ಪರರಿಯಲ್ಲಿ. ಲಂಡನ್ ಮಹಾನಗರಕ್ಕೆ ಬಂದ ಐರಿಷ್ ಮನುಷ್ಯನೊಬ್ಬನು ದೂರದಲ್ಲುಳಿದ ತನ್ನ ಊರನ್ನು ನೆನೆಯುವ ಆಂಗ್ಲಗೀತೆಯೊಂದು 1912ರಲ್ಲಿ ಹುಟ್ಟಿತು. 1914ರ ಮಹಾಯುದ್ಧಕ್ಕೆ ಹೊರಟ ಸಿಪಾಯಿಗಳ ಬಾಯಲ್ಲಿ ಅದು ಜಗತ್ತನ್ನೆಲ್ಲ ಸುತ್ತಿತು. ಆ ದಿನಗಳಲ್ಲಿ ಲಂಡನ್ನಿನಲ್ಲಿ ವಿದ್ಯಾರ್ಥಿಯಾಗಿದ್ದ ನಮ್ಮವರೊಬ್ಬರು ಅದೇ ಧಾಟಿಗೆ ಕನ್ನಡದ ಮಾತನ್ನು ಕೂಡಿಸಿ, ಟಿಪ್ಪರರಿಯನ್ನು ತಿಪ್ಪಾರಳ್ಳಿಯಾಗಿ ಮಾಡಿಬಿಟ್ಟರು. ಪರದೇಶದಲ್ಲಿದ್ದವನ ಮನೆಯ ಹಂಬಲ ಎಲ್ಲ ಭಾಷೆಗಳಲ್ಲಿಯೂ ಒಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಕೈಲಾಸಂ ಅವರು 1884ರಲ್ಲಿ ಮೈಸೂರಿನಲ್ಲಿ ಜನಿಸಿದರು. ಮನೆಮಾತು ತಮಿಳು. ತಂದೆ ಟಿ. ಪರಮಶಿವ ಅಯ್ಯರ್ ಅವರು ಮೈಸೂರು ಚೀಫ್ ಕೋರ್ಟಿನ ನ್ಯಾಯಾಧೀಶರು. ಶಿಲೆ, ಪರ್ವತ, ನದಿಗಳ ವಿಚಾರದಲ್ಲಿ ಅವರಿಗೂ ಆಸಕ್ತಿಯಿದ್ದಿತು. ಭೂಲಕ್ಷಣಗಳನ್ನು ಆಧಾರವಾಗಿಟ್ಟುಕೊಂಡು ರಾಮಾಯಣದ ಲಂಕೆ ಎಲ್ಲಿದ್ದಿತೆಂಬುದನ್ನು ಚರ್ಚಿಸುವ ಗ್ರಂಥವೊಂದನ್ನು ಮುಂದೆ ಅವರೇ ಬರೆದರು. ಮಗನೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೂಗರ್ಭಶಾಸ್ತ್ರವನ್ನೇ ಅಭ್ಯಾಸಮಾಡಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸಿಗೆ ತೆರಳಿದರು. ಸಂಸ್ಥಾನದ ನೆಲದಲ್ಲಿ ಹುದುಗಿದ್ದ ಖನಿಜ ಸಂಪತ್ತನ್ನು ನಮ್ಮವರೇ ಅರಿತು ಹೊರತೆಗೆಯಬೇಕೆಂಬ ಸದುದ್ದೇಶವೇ ಇಂಥ ವೇತನಗಳ ಹಿಂದೆ ಇದ್ದಿತು.

ಅವರು ಪ್ರವೇಶಿಸಿದ ನಗರ ಎಂಥದು? 1911ರ ಜನಗಣತಿಯಲ್ಲಿ ಇಡೀ ಮೈಸೂರು ಸಂಸ್ಥಾನದ ಪ್ರಜಾಸಂಖ್ಯೆ 58 ಲಕ್ಷ. ಅದೇ ವರ್ಷ ಉಪನಗರಗಳೂ ಸೇರಿ ಲಂಡನ್ನಿನ ಪ್ರಜಾಸಂಖ್ಯೆ 72 ಲಕ್ಷವನ್ನು ಮೀರಿದ್ದಿತು. ದಂಡುಪ್ರದೇಶವನ್ನು ಸೇರಿಸಿಕೊಂಡರೂ ಬೆಂಗಳೂರಿನಲ್ಲಿದ್ದವರು ಎರಡು ಲಕ್ಷಕ್ಕಿಂತ ಕಡಿಮೆ. ಭಾರತೀಯ ವಿದ್ಯಾರ್ಥಿಗೆ ಅಂಥ ಊರಿನ ಮೊದಲನೆಯ ವಾರವೇ ಯಾವ ವಿಶ್ವವಿದ್ಯಾನಿಲಯವೂ ಇಡದ ಪರೀಕ್ಷೆಯಾಗಿದ್ದಿತು. ನೆಲದಡಿಯಲ್ಲಿ ಓಡುವ ರೈಲು, ಹೊಗೆ ಬೆರೆತ ಮಂಜು, ವಾರವಾರಕ್ಕೂ ಬಾಡಿಗೆ ಕೇಳುವ ಮನೆಯೊಡತಿ, ಉಪ್ಪು ಖಾರಗಳ ಸುಳಿವಿಲ್ಲದ ಬೇಯಿಸಿದ ತರಕಾರಿ, ಅಂಗಡಿಗಳೆಲ್ಲ ಬಾಗಿಲು ಮುಚ್ಚಿದ ಭಾನುವಾರ. ಇವೆಲ್ಲವೂ ಒಮ್ಮೆಲೇ ಎದುರಾಗುತ್ತಿದ್ದವು. ಪುಸ್ತಕದಿಂದ ಕಲಿತ ಇಂಗ್ಲಿಷು ಬೀದಿಯಲ್ಲಿ ಕಿವಿಗೆ ಬಿದ್ದ ಇಂಗ್ಲಿಷಿನ ಮುಂದೆ ಮೂಕವಾಗುತ್ತಿದ್ದಿತು.

ಮಹಾತ್ಮ ಗಾಂಧಿಯವರು 1888ರಲ್ಲಿ ಇದೇ ನಗರವನ್ನು ಸೇರಿದ ವೃತ್ತಾಂತವನ್ನು ವಾಚಕರು ಬಲ್ಲರು. ಶರದೃತುವಿನ ಚಳಿಯಲ್ಲಿ ಬಿಳಿಯ ಉಡುಪನ್ನು ಧರಿಸಿ ಇಳಿದವರು ಅವರೊಬ್ಬರೇ. ಪೆಟ್ಟಿಗೆಗಳು ಏಜೆಂಟರ ವಶದಲ್ಲಿದ್ದುದರಿಂದಲೂ ಮರುದಿನ ಭಾನುವಾರವಾದುದರಿಂದಲೂ ಬಟ್ಟೆ ಬದಲಾಯಿಸಲು ಆಸ್ಪದವಾಗಲಿಲ್ಲ. ನೋಡಬಂದ ಡಾಕ್ಟರ್ ಮೆಹತಾರ ರೇಷ್ಮೆಯ ಟೋಪಿಯನ್ನು ಕುತೂಹಲದಿಂದ ವಿರುದ್ಧವಾಗಿ ಸವರಿ, ಆ ದೇಶದ ಮರ್ಯಾದೆಯ ಮೊದಲ ಪಾಠವನ್ನು ಕಲಿತರು. ರಾತ್ರಿಯಾದರೆ ತಾಯಿಯ ನೆನಪು, ಕಣ್ಣೀರು. ಮುಂದೆ ಸಾಮ್ರಾಜ್ಯವನ್ನೇ ಅಲುಗಿಸಿದವರ ಮೊದಲ ವಾರವೇ ಹೀಗಿದ್ದ ಮೇಲೆ ಉಳಿದವರ ಪಾಡೇನು?

ಸುಮಾರು ಇಪ್ಪತ್ತು ವರ್ಷಗಳ ತರುವಾಯ ಕೈಲಾಸಂ ಅವರು ಹೋದ ವೇಳೆಗೆ ಮತ್ತೊಂದು ಕಷ್ಟವೂ ಸೇರಿದ್ದಿತು. 1909ರ ಜುಲೈ 1ರಂದು ಮದನಲಾಲ್ ಧಿಂಗ್ರಾ ಎಂಬ ವಿದ್ಯಾರ್ಥಿಯು ಸರ್ ಕರ್ಜನ್ ವೈಲಿಯನ್ನು ಗುಂಡಿಟ್ಟು ಕೊಂದುದು ಸೌತ್ ಕೆನ್ಸಿಂಗ್ಟನ್ನಿನ ಇಂಪೀರಿಯಲ್ ಇನ್‌ಸ್ಟಿಟ್ಯೂಟಿನಲ್ಲಿ. ಕೈಲಾಸಂ ಅವರ ಕಾಲೇಜು ಇದ್ದುದೂ ಅದೇ ಬಡಾವಣೆಯಲ್ಲಿ. ಅಂದಿನಿಂದ ಪ್ರತಿಯೊಬ್ಬ ಭಾರತೀಯ ಯುವಕನೂ ಸಂಶಯಕ್ಕೆ ಪಾತ್ರನಾದನು. ಹೊಸದಾಗಿ ಬಂದವರಿಗೆ ವಸತಿ, ವಿದ್ಯೆಗಳ ವಿಷಯದಲ್ಲಿ ನೆರವಾಗಲೆಂದು ಸರ್ಕಾರವು ಅದೇ ವರ್ಷ ಸಲಹೆಗಾರರೊಬ್ಬರನ್ನು ನೇಮಿಸಿತು. ಆದರೆ ಆ ನೆರವಿನ ಹಿಂದೆ ಬೇಹುಗಾರಿಕೆಯಿದೆಯೆಂದು ವಿದ್ಯಾರ್ಥಿಗಳು ಶಂಕಿಸಿದರು.

ಇಂಥ ನಗರದಲ್ಲಿ ಕೈಲಾಸಂ ಅವರು ಕುಗ್ಗಿ ಕೂರಲಿಲ್ಲ. ಸುಮಾರು ಆರು ವರ್ಷಗಳ ಕಾಲ ಅಲ್ಲಿದ್ದು, ಶಾಸ್ತ್ರದಲ್ಲಿ ಯೋಗ್ಯತೆಯನ್ನು ಸಂಪಾದಿಸಿದರು. ವ್ಯಾಯಾಮದಲ್ಲಿಯೂ ಚೆಂಡಾಟದಲ್ಲಿಯೂ ಆಸಕ್ತರಾದರು. ಎಲ್ಲಕ್ಕಿಂತ ಹೆಚ್ಚಾಗಿ ನಾಟಕಶಾಲೆಗಳಿಗೂ ಸಂಗೀತಶಾಲೆಗಳಿಗೂ ಮನಸೋತರು. ಇಬ್ಸನ್ನನು ತೋರಿಸಿದ ದಾರಿಯಲ್ಲಿ, ರಾಜರಾಣಿಯರನ್ನು ಬಿಟ್ಟು ಸಾಮಾನ್ಯ ಮನೆಯ ನಡುಮನೆಯನ್ನೇ ರಂಗವಾಗಿ ಮಾಡಿಕೊಂಡ ನಾಟಕಗಳು ಅಲ್ಲಿ ಬೇರೂರುತ್ತಿದ್ದ ಕಾಲವದು. ಮನುಷ್ಯನ ಅಂತಸ್ತು ಅವನ ಉಚ್ಚಾರಣೆಯಲ್ಲಿ ಹೇಗೆ ಅಡಗಿದೆಯೆಂಬುದನ್ನೇ ವಸ್ತುವಾಗುಳ್ಳ ಬರ್ನಾರ್ಡ್ ಷಾ ಅವರ ಪಿಗ್ಮೇಲಿಯನ್ ನಾಟಕವು 1914ರಲ್ಲಿ ಲಂಡನ್ನಿನ ರಂಗವನ್ನೇರಿತು.

1915ರಲ್ಲಿ ಕೈಲಾಸಂ ಅವರು ಹಿಂದಿರುಗಿ ಸಂಸ್ಥಾನದ ಭೂಗರ್ಭ ಇಲಾಖೆಯನ್ನು ಸೇರಿದರು. ಕಚೇರಿಯ ಶಿಸ್ತು ಅವರಿಗೆ ಒಗ್ಗಲಿಲ್ಲ. ಕೆಲವು ವರ್ಷಗಳಲ್ಲಿಯೇ ನೌಕರಿಯನ್ನು ಬಿಟ್ಟರು. ಅನಂತರದ ಜೀವನದಲ್ಲಿ ನಿಯಮವೂ ಇರಲಿಲ್ಲ, ನಿಶ್ಚಿತವಾದ ವರಮಾನವೂ ಇರಲಿಲ್ಲ. ಸಂಸ್ಥಾನದ ಹಣ ನೀರಿನಲ್ಲಿ ಹೋಯಿತೆಂದು ಲೆಕ್ಕ ಬಲ್ಲವರು ಹೇಳುವುದಕ್ಕೆ ಇದಕ್ಕಿಂತ ಹೆಚ್ಚಿನ ಆಧಾರ ಬೇಕಿರಲಿಲ್ಲ. ಆ ಮಾತನ್ನು ನಾವು ಲಘುವಾಗಿ ತಳ್ಳಿಹಾಕುವುದಿಲ್ಲ. ಆ ಹಣ ರೈತನ ಕಂದಾಯದಿಂದ ಬಂದುದು. ಮಳೆ ಕಾಣದ ಈ ಸೀಮೆಯ ರೈತನ ಪಾಲೂ ಅದರಲ್ಲಿದ್ದಿತು. ಅದನ್ನು ಪಡೆದವನು ಕೇಳುವವರಿಗೆ ಉತ್ತರ ಹೇಳಲೇಬೇಕು.

ಕೈಲಾಸಂ ಅವರ ಉತ್ತರ ಕನ್ನಡದಲ್ಲಿ ಬಂದಿತು. ಟೊಳ್ಳುಗಟ್ಟಿ, ಹೋಂ ರೂಲು, ಬಹಿಷ್ಕಾರ, ಪೋಲಿಕಿಟ್ಟಿ ಮೊದಲಾದ ನಾಟಕಗಳನ್ನು ಅವರು ಬಾಯಲ್ಲಿ ಹೇಳಿ ಮಿತ್ರರಿಂದ ಬರೆಯಿಸಿದರು. ಅಲ್ಲಿಯವರೆಗೆ ನಮ್ಮ ರಂಗದ ಮೇಲೆ ಪುರಾಣಪುರುಷರು ಗ್ರಾಂಥಿಕ ಭಾಷೆಯಲ್ಲಿ ಮಾತನಾಡುತ್ತಿದ್ದರು. ಅದೇ ರಂಗದ ಮೇಲೆ ಬೆಂಗಳೂರಿನ ಗುಮಾಸ್ತನೂ ವಕೀಲನೂ ಅವರ ಹೆಂಡಂದಿರೂ ಅರ್ಧ ಇಂಗ್ಲಿಷು ಅರ್ಧ ಕನ್ನಡದ ತಮ್ಮ ದಿನನಿತ್ಯದ ಮಾತನ್ನು ಆಡತೊಡಗಿದರು. ಜನ ನಕ್ಕರು, ನಗುತ್ತ ನಗುತ್ತ ತಮ್ಮ ಮುಖವನ್ನೇ ಕಂಡರು. ಊರಿನಲ್ಲಿಯೇ ಇದ್ದವರಿಗೆ ಅಭ್ಯಾಸಬಲದಿಂದ ಕೇಳಿಸದೆ ಹೋದ ಈ ಮಾತು, ಆರು ವರ್ಷ ದೂರವಿದ್ದು ಬಂದವರ ಕಿವಿಗೆ ಹೊಸದಾಗಿ ಬಿದ್ದಿರಬೇಕೆಂದು ನಮಗೆ ತೋರುತ್ತದೆ.

ಟೊಳ್ಳುಗಟ್ಟಿಯಲ್ಲಿ ಇಬ್ಬರು ಸೋದರರು. ಒಬ್ಬನು ಪರೀಕ್ಷೆಗಳಲ್ಲಿ ಮುಂದು. ಇನ್ನೊಬ್ಬನು ಓದಿನಲ್ಲಿ ಹಿಂದುಳಿದು ಮನೆಯವರ ಕಷ್ಟಕ್ಕೆ ಆಗುವವನು. ಯಾರು ಟೊಳ್ಳು, ಯಾರು ಗಟ್ಟಿ ಎಂಬುದನ್ನು ವಿಪತ್ತು ತೋರಿಸಿಕೊಡುತ್ತದೆ. ಮದರಾಸು, ಲಂಡನ್ನುಗಳ ಪದವಿಗಳನ್ನು ಹೊತ್ತುಬಂದವರೇ ಹೀಗೆ ಬರೆದುದು ಗಮನಾರ್ಹವಾಗಿದೆ. ಗುರುವು ಕಲಿಸಲೊಪ್ಪದ ಶಿಷ್ಯನಾದ ಏಕಲವ್ಯನ ಕಥೆಯೂ ಅವರ ಮನಸ್ಸನ್ನು ಹಿಡಿದಿದ್ದಿತು. ಅದನ್ನು ಇಂಗ್ಲಿಷಿನಲ್ಲಿ ನಾಟಕವಾಗಿ ರಚಿಸಿದರು. 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಮರುವರ್ಷ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಕಾಲವಾದರು.

ಪರದೇಶಕ್ಕೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳೂ ವೇತನ ಮಂಜೂರುಮಾಡುವ ಅಧಿಕಾರಿಗಳೂ ಈ ಚರಿತ್ರೆಯನ್ನು ನೆನಪಿನಲ್ಲಿಡುವುದು ಒಳ್ಳೆಯದು. ಹುಡುಗನು ಬರೆದ ಮೊದಲ ವಾರದ ಕಾಗದದಲ್ಲಿ ಊಟ ಸೇರದೆಂದೂ ಮಾತು ತಿಳಿಯದೆಂದೂ ಊರು ದೂರವೆಂದೂ ಇದ್ದರೆ, ಅವನನ್ನು ಕೈಲಾಗದವನೆಂದು ಎಣಿಸಬೇಕಾಗಿಲ್ಲ. ಆ ದೂರವನ್ನು ಅರಿತವನೇ ಊರನ್ನೂ ಅರಿಯುತ್ತಾನೆ. ಕಲ್ಲನ್ನು ಓದಲು ಹೋದವರೊಬ್ಬರು ಮನುಷ್ಯರ ಮಾತನ್ನು ಓದಿಕೊಂಡು ಬಂದರು. ಅವರಿಗೆ ಕೊಟ್ಟ ವೇತನವು ಇಲಾಖೆಯ ಲೆಕ್ಕದಲ್ಲಿ ನಷ್ಟವೇ ಇರಬಹುದು. ಕನ್ನಡನಾಡಿನ ಲೆಕ್ಕದಲ್ಲಿ ಅದನ್ನು ನಾವು ಲಾಭದ ಕಡೆಗೆ ಬರೆಯುತ್ತೇವೆ.