ಕೇಶಿರಾಜನ ಶಿಷ್ಯ ಕಿಟ್ಟೆಲ್

ಹಳಗನ್ನಡದ ಒಂದು ಶಬ್ದಕ್ಕೆ ಅರ್ಥ ಸಿಗದೇ ಹೋದಾಗ ಇವತ್ತಿಗೂ ಪಂಡಿತರು ಕೈಚಾಚುವುದು ಕಿಟ್ಟೆಲ್ ಕೋಶದ ಕಡೆಗೆ. ಅದನ್ನು ಮಾಡಿದವರು ಜರ್ಮನ್ ಪಾದ್ರಿ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಆದರೆ ಆ ಪಾದ್ರಿಗೆ ಕನ್ನಡದ ಒಳಗುಟ್ಟು ಹೇಳಿಕೊಟ್ಟ ಗುರುಗಳಲ್ಲಿ ಇಬ್ಬರು ಜೈನರು, ಅದರಲ್ಲೂ ಅವರಿಗಿಂತ ಸುಮಾರು 900 ಮತ್ತು 600 ವರ್ಷ ಹಿಂದೆ ಬಾಳಿದ ನಾಗವರ್ಮ ಮತ್ತು ಕೇಶಿರಾಜ ಎಂಬುದು ನಮ್ಮ ಸಮಾಜದಲ್ಲೇ ಅನೇಕರಿಗೆ ತಿಳಿದಿಲ್ಲ.

ಫರ್ಡಿನೆಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್ 7ರಂದು, ಜರ್ಮನಿಯ ಉತ್ತರದ ಸಮುದ್ರತೀರದ ರೆಸ್ಟರ್‌ಹಾಫೆ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆ ಅಲ್ಲಿಯ ಪಾದ್ರಿ. ಶಾಲೆಯಲ್ಲೇ ಹೀಬ್ರೂ, ಗ್ರೀಕ್, ಲ್ಯಾಟಿನ್, ಫ್ರೆಂಚ್, ಇಂಗ್ಲಿಷ್ ಕಲಿತ ಹುಡುಗ. 1850ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಸೇರಿದರು. 1853ರಲ್ಲಿ ಹಿಂದುಸ್ತಾನಕ್ಕೆ ಬಂದರು. ಆಗ ಅವರಿಗೆ 21 ವರ್ಷ.

ಬಾಸೆಲ್ ಮಿಶನ್ನಿನವರು ಧಾರವಾಡದಲ್ಲಿ 1837ರಲ್ಲಿ, ಹುಬ್ಬಳ್ಳಿಯಲ್ಲಿ 1839ರಲ್ಲಿ ನೆಲೆ ಮಾಡಿದ್ದರು. ಕಿಟ್ಟೆಲ್ ಅವರ ಮೊದಲ ವರ್ಷಗಳು ಕಳೆದದ್ದು ಇದೇ ಸೀಮೆಯಲ್ಲಿ. ಆಗ ಧಾರವಾಡ ಜಿಲ್ಲೆ ಮುಂಬಯಿ ಇಲಾಖೆಗೆ ಸೇರಿತ್ತು. ಕಚೇರಿಯ ಕಾಗದಪತ್ರದಲ್ಲಿ ಮರಾಠಿಯದೇ ಜೋರು, ಕನ್ನಡ ಉಳಿದಿದ್ದು ಮನೆ, ಹೊಲ, ಸಂತೆಗಳಲ್ಲಿ. ರೈಲು ಇನ್ನೂ ಈ ಕಡೆ ಬಂದಿರಲಿಲ್ಲ. ನವಲಗುಂದ, ಅಣ್ಣಿಗೇರಿಯ ಎರಿ ಹೊಲಗಳ ಕಡೆಯ ಮಾತು ಒಂದು ನಮೂನಿ, ಕಲಘಟಗಿಯ ಭತ್ತದ ಗದ್ದೆ, ಅಡವಿಯಂಚಿನ ಮಾತು ಇನ್ನೊಂದು ನಮೂನಿ. ಹೊರಗಿನಿಂದ ಬಂದವನು ಯಾವ ಪುಸ್ತಕ ಹಿಡಿದು ಇದನ್ನು ಕಲಿಯಬೇಕು? ರೀವ್ ಎಂಬ ಪಾದ್ರಿಯ ಕನ್ನಡ-ಇಂಗ್ಲಿಷ್ ಕೋಶ 1832ರಲ್ಲೇ ಅಚ್ಚಾಗಿತ್ತು. ಆದರೆ ಅರ್ಥ ಗೊತ್ತಾದ ಮಾತ್ರಕ್ಕೆ ಮಾತು ಬರುವುದಿಲ್ಲ.

ನಮ್ಮ ಕಡೆ ಬಾಗಿಲಿಗೆ ಬಂದ ಹಿರಿಯರಿಗೆ ‘ಬಾ’ ಅಂದರೆ ಮುಗಿಯಿತು, ಮುಂದಿನ ಮಾತು ಅವರು ಕೇಳುವುದಿಲ್ಲ. ‘ಬರ್ರಿ’ ಅನ್ನಬೇಕು. ಹೆಸರಿನ ಮುಂದೆ ಅಪ್ಪ, ಅಣ್ಣ, ಅವ್ವ, ಅಕ್ಕ ಸೇರಬೇಕು. ಹೊರಡುವಾಗ ‘ಹೋಗತೇನಿ’ ಅಂದರೆ ಅಪಶಕುನ, ‘ಹೋಗಿ ಬರತೇನಿ’ ಅಂದರೆ ಸರಿ. ಬಳೆ ಒಡೆದರೆ ಒಡೆಯಿತು ಅನ್ನುವುದಿಲ್ಲ, ಬಳೆ ಹೆಚ್ಚಿತು ಅನ್ನುತ್ತಾರೆ. ದೀಪ ಆರಿಸು ಎಂದು ಯಾವ ಹೆಣ್ಣುಮಗಳೂ ಹೇಳುವುದಿಲ್ಲ. ಕಾಳು ಅಳೆಯುವವನು ಮೊದಲ ಅಳತೆಗೆ ಒಂದು ಎಂದು ಎಣಿಸುವುದಿಲ್ಲ, ಲಾಭ ಎಂದು ಎಣಿಸಿ ಆಮೇಲೆ ಎರಡು ಅನ್ನುತ್ತಾನೆ. ಇದು ತಿಳಿಯದವನಿಗೆ ಕಾಳಿನ ಲೆಕ್ಕವೇ ತಪ್ಪಿದಂತೆ ಕಾಣುತ್ತದೆ. ಜರ್ಮನ್ ಭಾಷೆಯಲ್ಲೂ ಸಲಿಗೆಯ ‘ನೀನು’ ಬೇರೆ, ಮರ್ಯಾದೆಯ ‘ನೀವು’ ಬೇರೆ ಇದೆ. ಹಾಗಾಗಿ ಇಂಗ್ಲಿಷರಿಗಿಂತ ಜರ್ಮನರಿಗೆ ಈ ಗುಟ್ಟು ಬೇಗ ಹತ್ತಿರಬೇಕು. ಆದರೆ ಯಾರಿಗೆ ಯಾವುದು ಎಂಬುದನ್ನು ಜನರ ನಡುವೆ ಕೂತೇ ಕಲಿಯಬೇಕು.

ಕಿಟ್ಟೆಲ್ ಅವರಿಗೆ ಇದು ಬೇಗ ಹೊಳೆಯಿತು. ಭಾರತೀಯರ ನಡುವೆ ಭಾರತೀಯನಾಗಿ ಇರಬೇಕು, ದೊರೆಯಂತೆ ದೂರ ನಿಲ್ಲಬಾರದು ಎಂಬುದು ಅವರ ಹಂಬಲವಾಗಿತ್ತು. ಮಿಶನ್ನಿನ ಹಿರಿಯರಿಗೆ, ಜೊತೆಯ ಪಾದ್ರಿಗಳಿಗೆ ಇದು ಹಿಡಿಸಲಿಲ್ಲ. ಒಬ್ಬ ಹುಡುಗ ಬಂದು ಎಲ್ಲರ ರೀತಿ ತಪ್ಪು ಎಂದು ತೋರಿಸಿದಂತೆ ಅವರಿಗೆ ಕಂಡಿತು. ಮನಸ್ತಾಪ ಬೆಳೆಯಿತು. ಕಿಟ್ಟೆಲ್ ಅವರ ಸ್ವಭಾವವೂ ಒಂಟಿಯೇ, ಹೊಂದಿಕೊಂಡು ಹೋಗುವ ಜಾಣತನ ಕಡಿಮೆ. ಪರದೇಶದವರ ಸಂಗಡ ಹೇಗೆ ಮಾತಾಡಬೇಕೆಂದು ಇಷ್ಟು ಯೋಚಿಸಿದವರಿಗೆ ತಮ್ಮವರ ಸಂಗಡದ ಮಾತು ಕೂಡಿಬರಲಿಲ್ಲ. ಧಾರವಾಡ ಸೀಮೆ ಬಿಟ್ಟು ಮುಂದೆ ಮಂಗಳೂರು, ಮಡಿಕೇರಿ ಕಡೆ ಕೆಲಸ ಮಾಡಬೇಕಾಯಿತು. 1860ರಲ್ಲಿ ಪಾಲಿನಾ ಎಂಬವರೊಡನೆ ಮದುವೆಯಾಯಿತು. ಕೆಲವೇ ವರ್ಷಗಳಲ್ಲಿ ಆಕೆ ತೀರಿಕೊಂಡರು. ನಂತರ ಆಕೆಯ ಸಹೋದರಿ ಜೂಲಿಯನ್ನು ವರಿಸಿದರು.

1862ರಲ್ಲಿ ಅವರ ‘ಕಥಾಮಾಲೆ’ ಬಂತು. ಏಸುವಿನ ಕಥೆ, ಆದರೆ ಕನ್ನಡದ ಛಂದಸ್ಸಿನಲ್ಲಿ. ಹಳ್ಳಿಯ ಗುಡಿಯಲ್ಲಿ, ಕಟ್ಟೆಯ ಮೇಲೆ ಜೈಮಿನಿ ಭಾರತದ ಷಟ್ಪದಿಯನ್ನು ರಾಗವಾಗಿ ಓದಿ ಅರ್ಥ ಹೇಳುವ ಪದ್ಧತಿ ಆಗ ಮನೆಮಾತು. ಆ ಕಿವಿಗೆ ಗದ್ಯದ ಉಪದೇಶ ಒಗ್ಗುವುದಿಲ್ಲವೆಂದು ಅವರು ಪದ್ಯಕ್ಕೆ ಕೈಹಾಕಿದರು.

ಇಲ್ಲಿಂದಲೇ ಅವರು ಜೈನ ಕವಿಗಳ ಬಾಗಿಲಿಗೆ ಬಂದು ನಿಂತದ್ದು. ಪದ್ಯ ಬರೆಯಬೇಕಾದರೆ ಛಂದಸ್ಸು ಬೇಕು. ಕನ್ನಡ ಛಂದಸ್ಸಿನ ಹಳೆಯ ಗ್ರಂಥ ನಾಗವರ್ಮನ ‘ಛಂದೋಂಬುಧಿ’, ಹತ್ತನೆಯ ಶತಮಾನದ ಕೊನೆಯ ಭಾಗದ್ದು. ವ್ಯಾಕರಣ ಬೇಕಾದರೆ ಕೇಶಿರಾಜನ ‘ಶಬ್ದಮಣಿದರ್ಪಣ’, ಸುಮಾರು 1260ರದ್ದು. ಕೇಶಿರಾಜ ಬೆಳೆದ ಮನೆಯಾದರೂ ಎಂಥದ್ದು! ತಂದೆ ‘ಸೂಕ್ತಿಸುಧಾರ್ಣವ’ ಕೂಡಿಸಿದ ಮಲ್ಲಿಕಾರ್ಜುನ, ಸೋದರಮಾವ ‘ಯಶೋಧರ ಚರಿತೆ’ಯ ಜನ್ನ. ಕೇಶಿರಾಜ ಸೂತ್ರವನ್ನು ಕಂದಪದ್ಯದಲ್ಲಿ ಹೇಳಿ, ಕೆಳಗೆ ವಿವರಣೆ ಕೊಟ್ಟು, ಉದಾಹರಣೆಗೆ ತನಗಿಂತ ಹಿಂದಿನ ಕವಿಗಳ ಪ್ರಯೋಗ ತೋರಿಸುತ್ತಾನೆ. ನಿಯಮವನ್ನು ತಾನು ಹುಟ್ಟಿಸಲಿಲ್ಲ, ಬಲ್ಲವರು ಆಡಿದ್ದನ್ನು ನೋಡಿ ಹೇಳಿದ. ಪರದೇಶದ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಮೇಷ್ಟ್ರು ಸಿಗುವುದು ಕಷ್ಟ.

ಕಿಟ್ಟೆಲ್ ‘ಶಬ್ದಮಣಿದರ್ಪಣ’ವನ್ನು ಹಳೆಯ ವ್ಯಾಖ್ಯಾನ ಸಹಿತ 1872ರಲ್ಲಿ, ‘ಛಂದೋಂಬುಧಿ’ಯನ್ನು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಮಾಡಿಸಿದರು. ಎರಡನೆಯ ಪುಸ್ತಕದ ಜೊತೆ ಕನ್ನಡ ಸಾಹಿತ್ಯದ ಮೇಲೆ ಒಂದು ಪ್ರಬಂಧ ಸೇರಿಸಿ, ಕನ್ನಡ ಸಾಹಿತ್ಯದ ಮೊದಲ ಕಾಲ ಜೈನರ ಕಾಲ ಎಂದು ಬರೆದರು. ಆಗಿನ್ನೂ ನಮ್ಮ ಅನೇಕ ಕಾವ್ಯಗಳು ಓಲೆಗರಿಯಲ್ಲೇ ಇದ್ದವು. ಬಸದಿಗಳಲ್ಲಿ, ಮನೆಯ ಅಟ್ಟದ ಮೇಲೆ ಬಟ್ಟೆ ಸುತ್ತಿ ಇಟ್ಟು, ವರ್ಷಕ್ಕೊಮ್ಮೆ ಶ್ರುತಪಂಚಮಿಗೆ ಹೊರಗೆ ತೆಗೆದು ಪೂಜೆ ಮಾಡಿ ಮತ್ತೆ ಕಟ್ಟಿಡುವ ಕಟ್ಟುಗಳು. ಪೂಜೆ ತಪ್ಪಿಸಿದವರಿಲ್ಲ, ಓದುವವರು ಮಾತ್ರ ಕಡಿಮೆಯಾಗಿದ್ದರು ಎಂಬುದನ್ನು ಒಪ್ಪಿಕೊಳ್ಳಬೇಕು.

ಹಾಗೆಂದು ಕಿಟ್ಟೆಲ್ ಅವರನ್ನು ಜೈನಧರ್ಮದ ಅಭಿಮಾನಿ ಎಂದು ತಿಳಿಯಬಾರದು. ಅವರು ಕಡೆಯವರೆಗೂ ಕ್ರೈಸ್ತ ಪಾದ್ರಿಯೇ. ವೇದಕಾಲದ ಯಜ್ಞದ ವಿಷಯ ಹಿಡಿದು, ಅಲ್ಲಿಂದ ಏಸುವಿನ ಬಲಿದಾನಕ್ಕೆ ಬರುವಂತೆ ಒಂದು ಪುಸ್ತಕ ಬರೆದರು. ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟದ್ದಕ್ಕೇ ಜನ್ಮಜನ್ಮಾಂತರದ ದುಃಖ ಬಂತೆಂದು ‘ಯಶೋಧರ ಚರಿತೆ’ಯಲ್ಲಿ ಕೇಳಿದ ಮನಸ್ಸಿಗೆ ಬಲಿಯ ಮಾತಿನಿಂದ ಧರ್ಮ ಹೇಳಿದರೆ ಹತ್ತೀತೆ? ಶಬ್ದ ಶುದ್ಧವಾಗಿದ್ದರೂ ಕೇಳುವವರ ಸಂಸ್ಕಾರ ಬೇರೆಯಾಗಿತ್ತು. ಮತಪ್ರಚಾರಕರಾಗಿ ಅವರಿಗೆ ಹೇಳಿಕೊಳ್ಳುವಂಥ ಯಶಸ್ಸು ಸಿಗಲಿಲ್ಲ.

1877ರಲ್ಲಿ ಅವರು ಜರ್ಮನಿಗೆ ಮರಳಿದರು. ಕೋಶದ ಕೆಲಸ ಅಲ್ಲಿ ಕೂತು ಮುಗಿಯುವಂಥದ್ದಲ್ಲ. ಪುಸ್ತಕದ ಶಬ್ದ ಎಲ್ಲಿಯಾದರೂ ಸಿಕ್ಕೀತು, ಬಾಯಿಮಾತಿನ ಶಬ್ದಕ್ಕೆ ಆಡುವವರೇ ಬೇಕು. 1883ರಲ್ಲಿ, 51ರ ವಯಸ್ಸಿನಲ್ಲಿ ಪುನಃ ಬಂದು 1892ರವರೆಗೆ ಇಲ್ಲಿಯೇ ಇದ್ದು, ಇಲ್ಲಿಯ ವಿದ್ವಾಂಸರನ್ನು ಕೂಡಿಸಿಕೊಂಡು ಕೆಲಸ ಮಾಡಿದರು. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಕೋಶ ಹೊರಬಂತು. 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಶಬ್ದ.

ಅದರಲ್ಲಿ ಎರಡು ಸಂಗತಿ ನಮ್ಮ ಕಡೆಯವರು ಗಮನಿಸಬೇಕಾದದ್ದು. ಒಂದು, ಬಳಕೆಯಿಂದ ಬಿಟ್ಟುಹೋಗಿದ್ದ ಱ ಮತ್ತು ೞ ಅಕ್ಷರಗಳನ್ನು ಅವರು ಕೋಶದಲ್ಲಿ ಇಟ್ಟುಕೊಂಡರು. ಯಾವ ಶಬ್ದಕ್ಕೆ ಯಾವ ಅಕ್ಷರ ಎಂಬ ವಿಚಾರದಲ್ಲಿ ಕೇಶಿರಾಜನೇ ಆಧಾರ. ಎರಡನೆಯದು, ಶಬ್ದದ ಮುಂದೆ ಅದು ಯಾವ ಸೀಮೆಯದು ಎಂದು ಗುರುತು ಹಾಕಿದರು. ಮೈಸೂರಿನದು ಬೇರೆ, ದಕ್ಷಿಣ ಮರಾಠಾ ಸೀಮೆಯದು ಬೇರೆ. ದಕ್ಷಿಣ ಮರಾಠಾ ಸೀಮೆ ಎಂದರೆ ಆಗಿನ ಸರಕಾರಿ ಮಾತಿನಲ್ಲಿ ಧಾರವಾಡ, ಬೆಳಗಾವಿ ಕಡೆಯ ನಾಡು. ಗಾದೆಗಳನ್ನಂತೂ ರಾಶಿ ರಾಶಿ ಸೇರಿಸಿದ್ದಾರೆ. ಒಕ್ಕಲಿಗರು, ಹೆಣ್ಣುಮಕ್ಕಳು, ಪೇಟೆಯವರು ಆಡುವ ಮಾತನ್ನು ಒರಟು ಎಂದು ತಳ್ಳಿಹಾಕದೆ, ಕವಿಗಳ ಮಾತಿನ ಪಕ್ಕದಲ್ಲೇ ಕೂಡಿಸಿದರು. ಮರಾಠಿಯ ಮುಂದೆ ಕನ್ನಡ ಮಾತಾಡಲು ಜನ ನಾಚುತ್ತಿದ್ದ ಕಾಲದಲ್ಲಿ ಇದು ಸಣ್ಣ ಗೌರವವಲ್ಲ.

1896ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಕೊನೆಯ ಪುಸ್ತಕ, ಹಳಗನ್ನಡ, ನಡುಗನ್ನಡ, ಹೊಸಗನ್ನಡ ಮೂರಕ್ಕೂ ಸೇರಿದ ವ್ಯಾಕರಣ ಬಂತು. ಅದರ ಬುನಾದಿಯೂ ಕೇಶಿರಾಜನೇ. ಅದೇ ವರ್ಷ ಡಿಸೆಂಬರದಲ್ಲಿ ಟ್ಯೂಬಿಂಗನ್‌ನಲ್ಲಿ ಅವರು ತೀರಿಕೊಂಡರು. ಧಾರವಾಡದ ಕಿಟೆಲ್ ಕಾಲೇಜು ಅವರ ಹೆಸರಿನದು.

ಒಂದು ಕೊರತೆ ಮಾತ್ರ ಉಳಿಯಿತು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಮನೆತನದವಳು, ಆದ್ದರಿಂದ ಪಂಪ ಅಣ್ಣಿಗೇರಿಗೆ ಮಗಳ ಮಗ. ಅವನ ‘ವಿಕ್ರಮಾರ್ಜುನ ವಿಜಯ’ವನ್ನು ರೈಸ್ ಸಾಹೇಬರು ಅಚ್ಚು ಹಾಕಿಸಿದ್ದು 1898ರಲ್ಲಿ, ಕೋಶ ಹೊರಬಂದ ನಾಲ್ಕು ವರ್ಷಕ್ಕೆ. ಮದ್ರಾಸು ವಿಶ್ವವಿದ್ಯಾಲಯವು ಮರಿಯಪ್ಪ ಭಟ್ಟರಿಂದ ಕಿಟ್ಟೆಲ್ ಕೋಶವನ್ನು ಪರಿಷ್ಕರಿಸಿ, ಹೊಸ ಶಬ್ದಗಳನ್ನು ಕೂಡಿಸಿ, ನಾಲ್ಕು ಸಂಪುಟಗಳಲ್ಲಿ ಹೊರತಂದಾಗ ಇನ್ನೂ ಸುಮಾರು 70 ವರ್ಷ ಕಳೆದಿದ್ದವು.